ತನ್ನ ಭಾರಕ್ಕೆ ತಾನೇ ಇಳಿಯುವ ಕಮಾನು

ಪಿಟೀಲು ಕಲಿಯಲು ಸೇರಿ ಐದು ತಿಂಗಳಾಗಿತ್ತು. ಹಲಸೂರಿನ ಒಂದು ಮಹಡಿ ಮನೆಯಲ್ಲಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತಲೆಯನ್ನು ಬಲಗಾಲಿನ ಪಾದದ ಮೇಲೆ ಊರಿ, ಕಣ್ಣು ಮುಚ್ಚಿಕೊಂಡು ಷಡ್ಜ ಎಳೆಯುತ್ತಿದ್ದೆ. ಅಷ್ಟರಲ್ಲಿ ನಮ್ಮ ಮಿಸ್ ಸದ್ದಿಲ್ಲದೆ ಹಿಂದಿನಿಂದ ಬಂದು ಕಮಾನನ್ನು ಹಿಡಿದು ಸೆಳೆದರು. ಕಮಾನು ನನ್ನ ಕೈ ಬಿಟ್ಟು ಒಂದಿಷ್ಟೂ ಕದಲಲಿಲ್ಲ. ಕಮಾನಿನ ಜೊತೆಗೆ ಕೈ, ಕೈಯ ಜೊತೆಗೆ ಭುಜ, ಭುಜದ ಜೊತೆಗೆ ನಾನು, ಎಲ್ಲರೂ ಒಟ್ಟಿಗೆ ಬಲಕ್ಕೆ ವಾಲಿದೆವು. ಪರೀಕ್ಷೆಯಲ್ಲಿ ಗೆದ್ದೆ ಎಂದುಕೊಂಡು ಜಂಬದಿಂದ ಕಣ್ಣು ಬಿಟ್ಟೆ. ಮಿಸ್ ಮುಖದಲ್ಲಿ ನಗು ಇರಲಿಲ್ಲ.

"ಬರ್ಬೇಕಿತ್ತು ಆಂಟಿ," ಎಂದರು. "ಎಳೆದ ತಕ್ಷಣ ಕಮಾನು ಸುಮ್ನೆ ನನ್ನ ಕೈಗೆ ಬಂದ್ಬಿಡ್ಬೇಕಿತ್ತು."

ಮಿಸ್ ಎಂದರೆ ಇನ್ನೂ ಮೂವತ್ತು ತುಂಬದ ಹುಡುಗಿ. ನನಗೆ ಅರವತ್ತೊಂದು. ಅವರ ಬಳಿ ಕಲಿಯುವ ಶಾಲಾ ಮಕ್ಕಳೆಲ್ಲ ಮಿಸ್ ಎನ್ನುತ್ತಿದ್ದರಿಂದ ನಾನೂ ಹಾಗೇ ಕರೆದೆ. ಅವರು ನನ್ನನ್ನು ಆಂಟಿ ಎಂದರು. ಇಬ್ಬರಿಗೂ ಅದು ಸರಿಹೋಯಿತು. ಮನೆಯೊಳಗೆ ತಮಿಳು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷು. ಅವತ್ತು ಇಂಗ್ಲಿಷಿಗೆ ಬರುವ ಹಂತದಲ್ಲಿದ್ದರು.

ನನ್ನ ಪಿಟೀಲಿನ ಹಿನ್ನೆಲೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಕೆ.ಆರ್. ಪುರದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತಮೂರು ವರ್ಷ ತಪಾಸಣಾ ವಿಭಾಗದಲ್ಲಿ ದುಡಿದವಳು ನಾನು. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು ನೋಡಿ, ಸರಿ ಇದ್ದರೆ ಹಸಿರು ಚುಕ್ಕೆ, ಇಲ್ಲದಿದ್ದರೆ ಕೆಂಪು ಚುಕ್ಕೆ ಇಡುವುದು ನನ್ನ ಕೆಲಸ. ಕೆಂಪು ಚುಕ್ಕೆ ಇಡುವಾಗ ನನ್ನ ಕೈ ಎಂದೂ ನಡುಗಿದ್ದಿಲ್ಲ. ಅದಕ್ಕೇ ಮೆಷಿನ್ ಶಾಪಿನ ಗಂಡಸರು ನನ್ನ ಮೇಜಿನ ಹತ್ತಿರ ಬರುವಾಗ ಸ್ವಲ್ಪ ಮೆತ್ತಗಾಗಿ ಬರುತ್ತಿದ್ದರು. ನಿವೃತ್ತಿಯಾದವರಿಗೆ ನಮ್ಮಲ್ಲಿ ಎಲ್ಲರೂ ಸೇರಿ ಗೋಡೆ ಗಡಿಯಾರವನ್ನೋ ಬೆಳ್ಳಿ ದೀಪವನ್ನೋ ಕೊಡುವುದು ವಾಡಿಕೆ. ಏನು ಬೇಕು ಎಂದು ನನ್ನ ವಿಭಾಗದ ಹೆಂಗಸರು ಕೇಳಿದಾಗ, ಪಿಟೀಲು ಕೊಡಿಸಿ ಎಂದುಬಿಟ್ಟೆ. ಚಿಕ್ಕವಳಿದ್ದಾಗ ನಮ್ಮ ಸ್ಟಾಫ್ ಕಾಲೊನಿಯಲ್ಲಿ ಪಕ್ಕದ ಮನೆಯವರು ಬೆಳಿಗ್ಗೆ ಆರಕ್ಕೆ ನುಡಿಸುತ್ತಿದ್ದುದನ್ನು ಕೇಳಿ ಕೇಳಿ ಹುಟ್ಟಿದ ಆಸೆ ಅದು. ಓದು, ಕೆಲಸ, ಶಿಫ್ಟು, ಮಕ್ಕಳು ಎಂದು ಮುಂದೆ ಹೋಗುತ್ತಾ ಹೋಗುತ್ತಾ ಅಷ್ಟು ದೂರ ಬಂದಿತ್ತು. ಹೆಂಗಸರು ಬಿದ್ದು ಬಿದ್ದು ನಕ್ಕರು, ಆದರೆ ಕೊಡಿಸಿದರು. ಈಗಲೂ ನಮ್ಮ ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೊಮ್ಮೆ ಯಾರಾದರೂ, ಪಿಟೀಲು ಎಲ್ಲಿಗೆ ಬಂತು ಎಂದು ಕೇಳದೆ ಬಿಡುವುದಿಲ್ಲ.

ಪಿಟೀಲು ಎಲ್ಲಿಗೂ ಬಂದಿರಲಿಲ್ಲ. ಎಡಗೈ ಬೆರಳುಗಳು ಸ್ವರದ ಜಾಗಗಳನ್ನು ಬೇಗ ಹುಡುಕಿಕೊಂಡವು; ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವುದು ನನಗೇನೂ ಹೊಸದಲ್ಲ. ತೊಂದರೆ ಕೊಟ್ಟಿದ್ದು ಬಲಗೈ. ಕಮಾನು ಕೈಗೆ ಬಂದ ಕೂಡಲೇ ಹೆಬ್ಬೆರಳು ನೆಟ್ಟಗಾಗಿ, ಗೂಟ ಹೊಡೆದ ಹಾಗೆ ಕಡ್ಡಿಗೆ ಒತ್ತಿಕೊಂಡು ನಿಲ್ಲುತ್ತಿತ್ತು. ಕಿರುಬೆರಳು ಸೆಟೆದುಕೊಳ್ಳುತ್ತಿತ್ತು. ನಾದ ಗೊಗ್ಗರು ಗೊಗ್ಗರಾಗಿ ಬರುತ್ತಿತ್ತು. ನಾಲ್ಕನೇ ತಿಂಗಳಿಗೆ ಹೆಬ್ಬೆರಳು ಬಾಗಿಸಿದರೆ ಟಕ್ ಎಂದು ಸಿಕ್ಕಿಕೊಳ್ಳಲು ಶುರುವಾಯಿತು. ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ ಹಿಡಿಯುವಾಗಲೂ ಟಕ್. ಡಾಕ್ಟರು ನೋಡಿ, ಹೆಬ್ಬೆರಳಿನ ಬುಡ ಊದಿದೆ, ಯಾವುದನ್ನೋ ವಿಪರೀತ ಒತ್ತಿ ಹಿಡಿಯುತ್ತಿದ್ದೀರಿ, ಅದನ್ನು ನಿಲ್ಲಿಸದಿದ್ದರೆ ಮುಂದೆ ಕೊಯ್ಯಬೇಕಾದೀತು ಎಂದರು. ನಾನು ಅದನ್ನು ಮಿಸ್‌ಗೆ ಹೇಳದೆ ಮುಚ್ಚಿಟ್ಟೆ. ಅವತ್ತು ಮಿಸ್ ಇನ್ನೊಮ್ಮೆ ಕಮಾನು ಸೆಳೆದಾಗ ನನಗೇ ಗೊತ್ತಾಗದೆ ಬಾಯಿಂದ ಅಯ್ಯೋ ಬಂದು ಎಲ್ಲ ಬಯಲಾಯಿತು.

ಮಿಸ್ ನನ್ನ ಹೆಬ್ಬೆರಳನ್ನು ಮೆಲ್ಲಗೆ ಬಾಗಿಸಿ ನೋಡಿದರು. ಟಕ್ ಎಂದಿತು. ಅವರ ಮುಖ ಸಣ್ಣದಾಯಿತು. ಆರು ವಾರ ಕೊಡುತ್ತೇನೆ, ದಿನಕ್ಕೆ ಹತ್ತೇ ನಿಮಿಷ ಅಭ್ಯಾಸ ಮಾಡಿ, ಅಷ್ಟರಲ್ಲಿ ಈ ಹಿಡಿತ ಬಿಡದಿದ್ದರೆ ನಾನು ಕಲಿಸುವುದಿಲ್ಲ, ನಿಮ್ಮ ಕೈ ಹಾಳು ಮಾಡಿದ ಪಾಪ ನನಗೆ ಬೇಡ ಎಂದರು. ಮೂವತ್ತಮೂರು ವರ್ಷ ಕೆಂಪು ಚುಕ್ಕೆ ಇಟ್ಟವಳಿಗೆ ಮೊದಲ ಸಲ ಕೆಂಪು ಚುಕ್ಕೆ ಬಿದ್ದಿತ್ತು. ಮೆಟ್ಟಿಲಿಳಿದು ಕೆಳಗಿನ ತೆಂಗಿನಕಾಯಿ ಅಂಗಡಿಯ ಮುಂದೆ ನಿಂತಾಗ ಅಳು ಬಂತು. ಅಳುವಿಗಿಂತ ಸಿಟ್ಟೇ ಜಾಸ್ತಿ ಬಂತು ಎಂದರೂ ಸರಿಯೇ.

ಮನೆಗೆ ಬಂದು ನಮ್ಮನೆಯವರಿಗೆ ಹೇಳಿದೆ. ಅವರೂ ಅದೇ ಕಾರ್ಖಾನೆಯವರು, ಟೂಲ್ ರೂಮಿನಲ್ಲಿದ್ದವರು. ಟೂಲ್ ರೂಮಿನವರಿಗೆ ಒಂದು ಚಾಳಿ. ಯಾವ ವಸ್ತು ಅಲ್ಲಾಡಿದರೂ ಅದನ್ನು ಅಲ್ಲಾಡದ ಹಾಗೆ ಬಿಗಿಯಾಗಿ ಹಿಡಿಯಲು ಒಂದು ಸಲಕರಣೆ ಮಾಡುತ್ತಾರೆ, ಅದಕ್ಕೆ ಫಿಕ್ಸ್ಚರ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ತೆಂಗಿನಕಾಯಿ ತುರಿಯುವ ಮಣೆಗೂ ಫಿಕ್ಸ್ಚರ್ ಇದೆ, ಮೊಬೈಲು ನಿಲ್ಲಿಸಲೂ ಇದೆ. ನನ್ನ ಸಮಸ್ಯೆ ಕೇಳಿದ್ದೇ ತಡ ಅವರ ಕಣ್ಣು ಅರಳಿತು.

"ಬೆರಳು ಜಾಗ ಬಿಟ್ಟು ಹೋಗ್ತಿದೆ ಅಷ್ಟೇ ಕಣೆ," ಎಂದರು. "ಒಂದು ಫಿಕ್ಸ್ಚರ್ ಹಾಕಿದ್ರೆ ಎಲ್ಲಿಗೆ ಹೋಗುತ್ತೆ?"

ನನಗೂ ಅದೇ ಸರಿ ಕಂಡಿತು! ಈಗ ನೆನೆದರೆ ನಗು ಬರುತ್ತದೆ. ಆದರೆ ಅವತ್ತು ಇಬ್ಬರೂ ಊಟ ಬಿಟ್ಟು ಕಾಗದದ ಮೇಲೆ ನಕ್ಷೆ ಬರೆದೆವು. ಮಿಸ್ ತಮ್ಮ ಕಮಾನನ್ನು ಹಿಡಿದಿದ್ದ ಫೋಟೋ ನನ್ನ ಫೋನಿನಲ್ಲಿತ್ತು. ಅದನ್ನು ದೊಡ್ಡದು ಮಾಡಿ ಯಾವ ಬೆರಳು ಎಲ್ಲಿ ಎಂದು ಗುರುತು ಮಾಡಿಕೊಂಡೆವು. ನಮ್ಮನೆಯವರು ಬಾಲ್ಕನಿಯಲ್ಲಿ ಕೂತು ಎರಡು ದಿನ ಹಿತ್ತಾಳೆ ತಗಡನ್ನು ಅರದಿಂದ ತಿಕ್ಕಿದರು. ಹೆಬ್ಬೆರಳಿಗೆ ಒಂದು ಗೂಡು, ಕಿರುಬೆರಳಿಗೆ ಒಂದು ಕೊಕ್ಕೆ, ಎಲ್ಲವನ್ನೂ ಕಡ್ಡಿಗೆ ಬಿಗಿಯಲು ಎರಡು ಪುಟ್ಟ ತಿರುಪು. ಕೆಲಸದಲ್ಲಿ ಅಣುವಿನಷ್ಟೂ ದೋಷವಿಲ್ಲ. ನನ್ನ ಮೇಜಿಗೆ ಬಂದಿದ್ದರೆ ಕಣ್ಣು ಮುಚ್ಚಿ ಹಸಿರು ಚುಕ್ಕೆ ಇಡುತ್ತಿದ್ದೆ.

ಕೈ ಹಾಕಿದೆ. ಬೆರಳುಗಳು ಫೋಟೋದಲ್ಲಿದ್ದಂತೆಯೇ ಕೂತವು. ಹತ್ತು ದಿನ ಅದನ್ನೇ ಹಾಕಿಕೊಂಡು ಅಭ್ಯಾಸ ಮಾಡಿದೆ, ಹತ್ತು ನಿಮಿಷ ಎಂದಿದ್ದನ್ನು ಅರ್ಧ ಗಂಟೆಯವರೆಗೂ ಎಳೆದೆ. ಗೂಡಿನಿಂದ ತಪ್ಪಿಸಿಕೊಳ್ಳಲಾಗದ ಹೆಬ್ಬೆರಳು ಗೂಡನ್ನೇ ಒತ್ತತೊಡಗಿತು. ಮೊದಲು ಬೆರಳು ಮಾತ್ರ ನೋಯುತ್ತಿತ್ತು, ಈಗ ಮೊಣಕೈವರೆಗೂ ಹತ್ತಿತು. ನಾದವಂತೂ ಕೇಳಲೇಬೇಡಿ. ಪಕ್ಕದ ಮನೆಯವರು, ಏನಮ್ಮಾ ಮನೇಲಿ ಮರಗೆಲಸ ನಡೀತಿದೆಯಾ ಎಂದು ಕೇಳಿದರು. ಹನ್ನೊಂದನೇ ದಿನ ತಿರುಪು ಬಿಗಿದ ಜಾಗದಲ್ಲಿ ಕಮಾನಿಗೆ ಸುತ್ತಿದ್ದ ಚರ್ಮ ಹರಿದು ಮೇಲೆದ್ದಿತು.

ಚರ್ಮ ಹರಿದ ಕಮಾನನ್ನೂ ಹಿತ್ತಾಳೆಯ ಗೂಡನ್ನೂ ಹಿಡಿದುಕೊಂಡು ಹಲಸೂರಿಗೆ ಹೋದೆ. ಮಿಸ್ ಗೂಡನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನಗಲು ಶುರುಮಾಡಿದರು, ನಕ್ಕು ನಕ್ಕು ಗೋಡೆಗೆ ಒರಗಿದರು. ನನ್ನ ಮುಖ ಊದಿದ್ದು ನೋಡಿ ಸುಮ್ಮನಾಗಿ, ಅಂಕಲ್ ಬಹಳ ಚೆನ್ನಾಗಿ ಮಾಡಿದ್ದಾರೆ, ಆದರೆ ಕೈಗೆ ಬಿಡುವುದನ್ನು ಕಲಿಸಬೇಕು, ಇದು ಹಿಡಿಯುವುದನ್ನು ಕಲಿಸುತ್ತಿದೆ ಎಂದು ಸಮಾಧಾನ ಹೇಳಿದರು. ಶಿವಾಜಿನಗರದಲ್ಲಿ ಕಮಾನು ರಿಪೇರಿ ಮಾಡುವ ಒಬ್ಬರಿದ್ದಾರೆ, ಅಲ್ಲಿ ಚರ್ಮ ಹಾಕಿಸಿಕೊಂಡು ಬನ್ನಿ ಎಂದು ದಾರಿ ಹೇಳಿದರು. ಎರಡು ವಾರ ಹೋಗಿತ್ತು, ಉಳಿದದ್ದು ನಾಲ್ಕು.

ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ, ಬುರ್ಖಾ ಅಂಗಡಿಗೂ ಸ್ಟೀಲ್ ಪಾತ್ರೆ ಅಂಗಡಿಗೂ ನಡುವೆ, ಒಬ್ಬರು ಕೂರಬಹುದಾದಷ್ಟು ಜಾಗ. ಗೋಡೆಯ ತುಂಬ ಗಿಟಾರು, ಬ್ಯಾಂಜೊ, ಬಿಚ್ಚಿಟ್ಟ ಹಾರ್ಮೋನಿಯಂ. ಎಪ್ಪತ್ತು ದಾಟಿದ ಭಾಯ್ ಒಬ್ಬರು ಬಿಳಿ ಟೋಪಿ ಹಾಕಿಕೊಂಡು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕಮಾನಿಗೆ ಕಟ್ಟುವ ಕುದುರೆ ಬಾಲದ ಕೂದಲನ್ನು ಬಾಚುತ್ತಿದ್ದರು. ನನ್ನ ಕಮಾನನ್ನು ತೆಗೆದುಕೊಂಡು ಹರಿದ ಕಡೆ ನೋಡಲೇ ಇಲ್ಲ. ಹೆಬ್ಬೆರಳು ಕೂರುವ ಜಾಗವನ್ನು ಬೆಳಕಿಗೆ ಹಿಡಿದರು. ಅಲ್ಲಿ ಮರದಲ್ಲೇ ಸಣ್ಣ ಕುಳಿ ಬಿದ್ದಿತ್ತು. ಆರು ತಿಂಗಳೂ ಆಗದ ಕಮಾನು.

ಎಷ್ಟು ವರ್ಷದಿಂದ ನುಡಿಸುತ್ತಿದ್ದೀರಿ ಎಂದು ಕೇಳಿದರು. ಐದು ತಿಂಗಳು ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಇಷ್ಟು ಕುಳಿ ಬೀಳಲು ಇಪ್ಪತ್ತು ವರ್ಷ ಬೇಕು ಎಂದರು. ನನಗೆ ನಾಚಿಕೆಯಾಯಿತು. ಗಟ್ಟಿಯಾಗಿ ಹಿಡಿಯದಿದ್ದರೆ ಬಿದ್ದುಹೋಗುತ್ತದಲ್ಲ ಎಂದು ಗೊಣಗಿದೆ.

ಭಾಯ್ ತೋರುಬೆರಳನ್ನು ಮುಂದೆ ಚಾಚಿದರು. ಅದರ ಮೇಲೆ ನನ್ನ ಕಮಾನನ್ನು ಅಡ್ಡಲಾಗಿ ಇಟ್ಟು, ಅತ್ತಿತ್ತ ಸ್ವಲ್ಪ ಸರಿಸಿ, ಇನ್ನೊಂದು ಕೈ ತೆಗೆದುಬಿಟ್ಟರು. ಕಮಾನು ಒಂದೇ ಬೆರಳ ಮೇಲೆ ನಿಂತಿತು. ಓಣಿಯಲ್ಲಿ ಸ್ಕೂಟರುಗಳು ಹಾರ್ನ್ ಹೊಡೆಯುತ್ತಿದ್ದವು. ಕಮಾನು ಸಣ್ಣಗೆ ತೂಗುತ್ತಾ, ಬೀಳದೆ ನಿಂತೇ ಇತ್ತು. ಆಮೇಲೆ ಪಕ್ಕದಲ್ಲಿದ್ದ ಯಾರದೋ ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡು, ಕಮಾನನ್ನು ತಂತಿಯ ಮೇಲೆ ಒರಗಿಸಿ, ಬುಡದ ಕೆಳಗೆ ಒಂದೇ ಒಂದು ಬೆರಳು ಕೊಟ್ಟು ಎಳೆದರು. ಅದಕ್ಕೆ ನಾದ ಬಂತು! ಸಣ್ಣದು, ಆದರೆ ಸ್ವಚ್ಛವಾದ ನಾದ. ಐದು ತಿಂಗಳಲ್ಲಿ ನಾನು ಐದೂ ಬೆರಳಿನಿಂದ ತೆಗೆಯಲಾಗದ್ದು.

"ಇದಕ್ಕೆ ಇದರದ್ದೇ ವಜನ್ ಇದೆ ಅಮ್ಮಾ," ಎಂದರು. "ಇಳಿಯೋಕೆ ನಿಮ್ದು ಯಾಕೆ ಬೇಕು?"

ನಾನು ಅಂಗಡಿಯ ಬಾಗಿಲಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಏಕೆಂದರೆ ಆ ಮಾತು ನನ್ನದು. ಮೂವತ್ತಮೂರು ವರ್ಷ ಎಷ್ಟು ಹೊಸಬರಿಗೆ ನಾನೇ ಅದನ್ನು ಹೇಳಿದ್ದೆನೋ ಲೆಕ್ಕವಿಲ್ಲ. ನಮ್ಮ ವಿಭಾಗದಲ್ಲಿ ರಂಧ್ರಗಳನ್ನು ಪರೀಕ್ಷಿಸಲು ಗೇಜ್ ಎಂಬ ಬೆರಳುದ್ದದ ಉಕ್ಕಿನ ಕಡ್ಡಿ ಇರುತ್ತಿತ್ತು. ಅದನ್ನು ಎರಡು ಬೆರಳಲ್ಲಿ ಹಿಡಿದು ರಂಧ್ರದ ಬಾಯಿಗೆ ತಂದು ಬಿಡಬೇಕು, ಅಷ್ಟೇ. ತನ್ನ ಭಾರಕ್ಕೆ ತಾನೇ ಇಳಿದರೆ ಪಾಸು, ಇಳಿಯದಿದ್ದರೆ ಇಲ್ಲ. ಹೊಸದಾಗಿ ಬಂದವರೆಲ್ಲ ತಳ್ಳುತ್ತಿದ್ದರು. ಒತ್ತಿ ತಳ್ಳಿದರೆ ಯಾವ ಗೇಜೂ ಯಾವ ರಂಧ್ರದಲ್ಲೂ ಹೋಗುತ್ತದೆ, ಆಗ ಅಳೆದ ಹಾಗೆ ಹೇಗಾಯಿತು? ತಳ್ಬೇಡ, ಬಿಡು, ಅದರ ಭಾರ ಅದಕ್ಕಿದೆ ಎಂದು ನಾನು ಕೂಗಿದರೆ ಇಡೀ ಶಾಪಿಗೆ ಕೇಳುತ್ತಿತ್ತು. ನನಗೆ ಅದೇ ಅಡ್ಡಹೆಸರೂ ಇತ್ತು, ತಳ್ಬೇಡಮ್ಮ ಎಂದು. ಲಕ್ಷಾಂತರ ಸಲ ಗೇಜನ್ನು ಹಗುರಾಗಿ ಹಿಡಿದು ಬಿಟ್ಟ ಹೆಬ್ಬೆರಳು ಇದು. ಇದಕ್ಕೆ ಕಮಾನನ್ನು ಹಿಡಿಯುವುದು ಬರುವುದಿಲ್ಲ ಎಂದು ಯಾರು ಹೇಳಿದ್ದು?

"ಭಾಯ್, ಚರ್ಮ ಬೇಗ ಹಾಕ್ಕೊಡ್ತೀರಾ? ನಾನು ಇಲ್ಲೇ ಕೂತಿರ್ತೀನಿ," ಎಂದೆ.

ಒಂದು ಗಂಟೆ ಕೂತೆ. ಅವರು ಹಳೆಯ ಚರ್ಮ ಕಿತ್ತು ಹೊಸದನ್ನು ಸುತ್ತುವುದನ್ನು ನೋಡುತ್ತಾ, ಕೈಚೀಲದಲ್ಲಿದ್ದ ಪೆನ್ನನ್ನು ಗೇಜಿನಂತೆ ಎರಡು ಬೆರಳಲ್ಲಿ ಹಿಡಿದೆ. ಹೆಬ್ಬೆರಳು ತಾನಾಗಿ ಬಾಗಿತು! ಟಕ್ ಎನ್ನಲಿಲ್ಲ. ಉಳಿದ ಬೆರಳುಗಳನ್ನು ಸುಮ್ಮನೆ ಪೆನ್ನಿನ ಮೇಲೆ ಇಳಿಬಿಟ್ಟೆ. ಅವೂ ಜಗಳವಾಡದೆ ಕೂತವು. ಕಮಾನು ತೆಗೆದುಕೊಂಡು ಮನೆಗೆ ಹೊರಟೆ. ಮೆಟ್ರೋದಲ್ಲಿ ಹಲಸೂರು ದಾಟಿತು, ಇಂದಿರಾನಗರ ದಾಟಿತು, ನಾನು ಪೆನ್ನನ್ನು ಗಾಳಿಯಲ್ಲಿ ಅತ್ತಿತ್ತ ಆಡಿಸುತ್ತಲೇ ಇದ್ದೆ. ಎದುರಿಗಿದ್ದ ಕಾಲೇಜು ಹುಡುಗಿ ಇಯರ್‌ಫೋನ್ ತೆಗೆದು, ಆಂಟಿ ಹುಷಾರಾಗಿದ್ದೀರಾ ಎಂದು ಕೇಳಿದಳು. ಇಷ್ಟು ಹುಷಾರಾಗಿ ನಾನು ಯಾವತ್ತೂ ಇರಲಿಲ್ಲ ಎಂದೆ. ಅವಳು ಮತ್ತೆ ಇಯರ್‌ಫೋನ್ ಹಾಕಿಕೊಂಡಳು.

ಮನೆಗೆ ಬಂದವಳೇ ಚಪ್ಪಲಿ ಬಿಟ್ಟೆನೋ ಇಲ್ಲವೋ, ನಮ್ಮನೆಯವರನ್ನು ಕೂರಿಸಿ ಎಲ್ಲ ಹೇಳಿದೆ. ಅವರು ಕೇಳಿ, ಗೇಜು ಅಂತ ಮೊದಲೇ ಹೇಳಿದ್ದಿದ್ದರೆ ನಾನ್ಯಾಕೆ ಎರಡು ದಿನ ಅರ ತಿಕ್ಕುತ್ತಿದ್ದೆ ಎಂದು ನನ್ನ ಮೇಲೇ ರೇಗಿದರು. ಫಿಕ್ಸ್ಚರನ್ನು ಎಸೆಯಲು ಮಾತ್ರ ಒಪ್ಪಲಿಲ್ಲ. ಅದು ಈಗಲೂ ಶೋಕೇಸಿನಲ್ಲಿದೆ.

ಎಲ್ಲ ಒಂದೇ ದಿನಕ್ಕೆ ಸರಿಹೋಯಿತು ಎಂದು ಬರೆಯಲು ಆಸೆಯಾಗುತ್ತದೆ, ಆದರೆ ಹಾಗಾಗಲಿಲ್ಲ. ಪೆನ್ನು ಹಿಡಿದಾಗ ಮೆತ್ತಗಿರುವ ಕೈ, ಕಮಾನು ಹಿಡಿದಾಗಲೂ ಮೆತ್ತಗಿರುತ್ತಿತ್ತು. ಆದರೆ ಕಮಾನು ತಂತಿಗೆ ತಗುಲಿ ಸದ್ದು ಬಂದ ಕೂಡಲೇ ಹಳೆಯ ಚಾಳಿ ಓಡಿ ಬರುತ್ತಿತ್ತು. ಮಿಸ್ ಅದಕ್ಕೊಂದು ಉಪಾಯ ಹೇಳಿದರು. ಕಮಾನನ್ನು ತಂತಿಯ ಮೇಲೆ ಸುಮ್ಮನೆ ಒರಗಿಸಿ, ಎಳೆಯದೆ, ಒಂದೊಂದೇ ಬೆರಳನ್ನು ಎತ್ತಿ ಇಳಿಸಬೇಕು. ತೋರುಬೆರಳು ಎತ್ತಿದರೂ ಕಮಾನು ಬೀಳುವುದಿಲ್ಲ, ಕಿರುಬೆರಳು ಎತ್ತಿದರೂ ಬೀಳುವುದಿಲ್ಲ. ಬೀಳುವುದಿಲ್ಲ ಎಂದು ಬೆರಳಿಗೇ ನಂಬಿಕೆ ಬರಬೇಕು. ಅಂಗೈಯೊಳಗೆ ಒಂದು ನಿಂಬೆಹಣ್ಣಿದೆ ಎಂದುಕೊಂಡು ಹಿಡಿಯಿರಿ ಎಂದರು. ನಮ್ಮನೆಯವರು ನಿಜವಾದ ನಿಂಬೆಹಣ್ಣನ್ನೇ ತಂದುಕೊಟ್ಟರು. ಹಿಡಿತ ಬಿಗಿಯಾದರೆ ಕೈಯಿಂದ ರಸ ಇಳಿಯುತ್ತದೆ, ನೋಡೋಣ ಎಂದು ಎದುರಿಗೆ ಕೂತರು. ಮೊದಲ ವಾರ ಎರಡು ಸಲ ಪಾನಕ ಮಾಡಿಕೊಂಡು ಕುಡಿದೆವು.

ದಿನಕ್ಕೆ ಹತ್ತೇ ನಿಮಿಷ ಎಂಬುದನ್ನು ಈ ಸಲ ಅಕ್ಷರಶಃ ಪಾಲಿಸಿದೆ. ಕೂರುವ ಮುಂಚೆ ಎರಡೂ ಭುಜ ಕೊಡವಿಕೊಂಡು ಇಳಿಬಿಡುತ್ತಿದ್ದೆ. ಪ್ರತಿ ಸಲ ಕಮಾನು ತಂತಿಯ ಮೇಲೆ ಇಡುವ ಮೊದಲು ಬಾಯಿಬಿಟ್ಟು, ತಳ್ಬೇಡ, ಬಿಡು ಎಂದುಕೊಳ್ಳುತ್ತಿದ್ದೆ. ಉಳಿದ ನಾಲ್ಕು ವಾರಗಳಲ್ಲಿ ಮೂರನೆಯದರ ಒಂದು ಬೆಳಿಗ್ಗೆ ಹಲ್ಲುಜ್ಜಿ ಮುಗಿಸಿ ಬಾಯಿ ಮುಕ್ಕಳಿಸುವಾಗ ಹೊಳೆಯಿತು, ಹೆಬ್ಬೆರಳು ಟಕ್ ಎಂದಿರಲಿಲ್ಲ. ಬ್ರಷ್ಷನ್ನು ಮತ್ತೆ ಹಿಡಿದು ನೋಡಿದೆ. ಇಲ್ಲ! ಬಾಗಿಸಿದೆ, ಬಿಟ್ಟೆ, ಬಾಗಿಸಿದೆ. ಖುಷಿಗೆ ನೊರೆ ಮೆತ್ತಿದ ಬಾಯಲ್ಲೇ ಅಡುಗೆಮನೆಗೆ ಓಡಿ ನಮ್ಮನೆಯವರ ಮುಂದೆ ಹೆಬ್ಬೆರಳು ಕುಣಿಸಿದೆ. ಅವರು ಹಾಲು ಉಕ್ಕಿಸಿಬಿಟ್ಟರು.

ಆರನೇ ವಾರದ ಪಾಠ ಶನಿವಾರ ಬೆಳಿಗ್ಗೆ ಇತ್ತು. ನಾಲ್ಕು ಮಕ್ಕಳೂ ನಾನೂ ಸಾಲಾಗಿ ಕೂತೆವು. ರಾತ್ರಿಯೆಲ್ಲ ಇಲ್ಲದ ಭಯ ಮೆಟ್ಟಿಲು ಹತ್ತುವಾಗ ಬಂದಿತ್ತು. ಇವತ್ತು ಕಮಾನು ಬರದಿದ್ದರೆ ಪಿಟೀಲನ್ನು ಪೆಟ್ಟಿಗೆಗೆ ಹಾಕಿ, ನನ್ನ ವಿಭಾಗದ ಹೆಂಗಸರಿಗೆ ಏನು ಹೇಳುವುದು ಎಂದು ಯೋಚಿಸಬೇಕಿತ್ತು. ಅಂಗೈ ಸೆರಗಿಗೆ ಒರೆಸಿಕೊಂಡು ಕಮಾನು ಎತ್ತಿಕೊಂಡೆ. ಮಿಸ್ ಫೋನಿನಲ್ಲಿ ಶ್ರುತಿ ಹಾಕಿ, ಇಷ್ಟು ದಿನ ನಾನು ದಾಟಲಾಗದ ಮೊದಲ ಪಾಠ, ಸರಳೆ ವರಸೆಯನ್ನು ಶುರು ಮಾಡಿಸಿದರು. ಯಾವಾಗ ಹಿಂದಿನಿಂದ ಬರುತ್ತಾರೋ ಎಂದು ಮೊದಲೆರಡು ಸಾಲು ಬೆನ್ನೆಲ್ಲ ಕಿವಿಯಾಗಿತ್ತು. ಹೆಬ್ಬೆರಳು ಮೆಲ್ಲಗೆ ನೆಟ್ಟಗಾಗುತ್ತಿರುವುದು ಗೊತ್ತಾಯಿತು. ತಳ್ಬೇಡ, ಎಂದುಕೊಂಡೆ. ಬಿಡು. ಹೆಬ್ಬೆರಳು ಮತ್ತೆ ಬಾಗಿತು. ಮೂರನೇ ಸಾಲಿಗೆ ಮಿಸ್ ಪಕ್ಕದ ಹುಡುಗಿಗೆ ಏನೋ ಹೇಳುತ್ತಿದ್ದರು. ನನ್ನ ಗಮನ ಪಂಚಮಕ್ಕೆ ಹೋಯಿತು, ಏಕೆಂದರೆ ಪಂಚಮ ಚೆನ್ನಾಗಿ ಬರುತ್ತಿತ್ತು. ಗೊಗ್ಗರಿಲ್ಲದೆ, ಕಮಾನಿನ ಬುಡದಿಂದ ತುದಿಯವರೆಗೂ ಒಂದೇ ಸಮನಾಗಿ, ನನ್ನ ಕೈಯಿಂದಲೇ ಬರುತ್ತಿತ್ತು. ನಾನೇ ನುಡಿಸುತ್ತಿದ್ದೇನೆ ಎಂಬುದನ್ನು ಮರೆತು ಅದನ್ನು ಕೇಳುತ್ತಾ ಕಣ್ಣು ಮುಚ್ಚಿದೆ.

ಪಂಚಮ ಮಧ್ಯದಲ್ಲೇ ನಿಂತುಹೋಯಿತು. ಏನಾಯಿತು ಎಂದು ಕಣ್ಣು ಬಿಟ್ಟೆ. ಭುಜ ವಾಲಿರಲಿಲ್ಲ, ಮೊಣಕೈ ಕದಲಿರಲಿಲ್ಲ, ಯಾರೂ ಏನನ್ನೂ ಸೆಳೆದಂತೆಯೇ ಅನ್ನಿಸಿರಲಿಲ್ಲ. ಮಕ್ಕಳು ನುಡಿಸುವುದನ್ನು ನಿಲ್ಲಿಸಿ ನನ್ನ ಹಿಂದೆ ನೋಡುತ್ತಿದ್ದರು.

"ಮುಂದಿನ ವಾರದಿಂದ ಜಂಟಿ ವರಸೆ ಆಂಟಿ," ಎಂದರು ಮಿಸ್, ಹಿಂದಿನಿಂದ.

ಕಮಾನು ಅವರ ಕೈಯಲ್ಲಿತ್ತು. ನನ್ನ ಕೈ ಅದು ಇದ್ದ ಜಾಗದಲ್ಲೇ, ತಂತಿಗಳ ಪಕ್ಕದಲ್ಲಿ, ಖಾಲಿಯಾಗಿ ನಿಂತಿತ್ತು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಕೈ ತೆಗೆಯದೆ ಅದನ್ನೇ ನೋಡಿದೆ. ಹೆಬ್ಬೆರಳು ಬಾಗಿಯೇ ಇತ್ತು.